ಕುಡಿಯುವ ಹೋಳಿಗೆ

ಯರ್ರಪ್ಪನಿಗೆ ಒಂದು ಹಲ್ಲೂ ಇರಲಿಲ್ಲ. ಶೇಂಗಾ ಹೋಳಿಗೆ ಅಗಿಯಲಾರದ ಮಾವನಿಗೆಂದು ಅಳಿಯ ಅಂಜಿನಿ, ಲಾರಿಯಲ್ಲಿ ಜೀನ್ಸ್ ಲೋಡು ಇಳಿಸಿ ಬರುವಾಗ, ಬೆಂಗಳೂರಿಂದ ಅದೇ ರುಚಿಯ ಕಪ್ಪು ಬೀರು ತಂದಿದ್ದ. ಒಂದೇ ಬಾಟಲಿ.

"ಕುಲುಕಬ್ಯಾಡ್ರಿ ಮಾವ!" ಅನ್ನುವಷ್ಟರಲ್ಲಿ ಯರ್ರಪ್ಪ ಅದನ್ನು ಕುರಿಯ ಜಂತಿನ ಔಷಧಿಯಂತೆ ಚೆನ್ನಾಗಿ ಕುಲುಕಿ ಮುಚ್ಚಳ ಎಬ್ಬಿಸಿದ್ದ. ನೊರೆ ಚಿಮ್ಮಿ ನೆಲಕ್ಕೂ ಹೆಂಡತಿ ದುರುಗಕ್ಕನ ಮುಖಕ್ಕೂ ಬಡಿಯಿತು.

"ಕುರಿಗೆ ಕುಡಿಸಿ ಕುಡಿಸಿ ನಿಮ್ಮ ಬುದ್ಧೀನೂ ಕುರೀದ ಆಗೇತಿ!" ಎಂದು ಬೈಯುತ್ತಲೇ, ಎಂದೂ ಹೆಂಡ ಮುಟ್ಟದ ದುರುಗಕ್ಕ ತುಟಿ ನೆಕ್ಕಿದಳು. ಬೈಗುಳ ನಿಂತಿತು. "ಅಯ್ಯ, ಹೌದಲ್ರಿ! ಹೋಳಿಗೀನ!"

ತಳದಲ್ಲಿ ಎರಡು ಗುಟುಕು ಉಳಿದಿತ್ತು. ಬಾಯಿಗೆತ್ತಿದ್ದ ಬಾಟಲಿಯನ್ನು ಯರ್ರಪ್ಪ ಇಳಿಸಿ ಅವಳ ಕೈಗಿಟ್ಟ. "ಕುಡಿ. ಅಂಜಿನಿ ನೋಡಂಗಿಲ್ಲ."

ಅಂಜಿನಿ ಗೋಡೆಯ ಕಡೆ ತಿರುಗಿದ. ದುರುಗಕ್ಕ ಎರಡೂ ಗುಟುಕು ಕುಡಿದಳು. ಯರ್ರಪ್ಪ ಕಳೆದುಕೊಂಡದ್ದು ಮಾತ್ರ ಪೂರಾ ಒಂದು ಬಾಟಲಿ; ಒಂದು ಹನಿಯೂ ಅವನ ಬಾಯಿಗೆ ಬೀಳಲಿಲ್ಲ.