ನಡೆದು ಬಂದ ಆಂಬುಲೆನ್ಸು

ಬೆಟ್ಟದ ಮೇಲಿನ ಊರಿಗೆ ಆಂಬುಲೆನ್ಸ್ ಹತ್ತುವುದಿಲ್ಲ. ಬಿದಿರಿಗೆ ಕಂಬಳಿ ಕಟ್ಟಿ ಡೋಲಿ ಮಾಡಿ, ಎದೆನೋವು ಬಂದಿದ್ದ ಅವಳ ಗಂಡನನ್ನು ಮಲಗಿಸಿದರು. ಮುಂದೆ ಮಗ, ಹಿಂದೆ ಮೈದುನ ಹೆಗಲು ಕೊಟ್ಟರು. ಅವಳು ಜೀವ ಬಿಗಿಹಿಡಿದು ಹಿಂಬಾಲಿಸಿದಳು.

ಅರ್ಧ ದಾರಿ ಕಳೆದ ಮೇಲೆ, ಕಾಲೇಜಿನ ಮೇಷ್ಟ್ರುಗಳನ್ನೆಲ್ಲ ಅಣಕಿಸುವ ಮಗ ಇಂಗ್ಲಿಷ್ ಮೇಷ್ಟ್ರಾಗಿ ಗುಟುರು ಹಾಕಿದ: “ಆಂಬುಲೆನ್ಸ್! ಲ್ಯಾಟಿನ್ ಬೇರು! ನಡೆಯುವುದು ಅಂತ ಅರ್ಥ!”

“ಹಂಗಾರೆ ನೀವೇ ಕಣ್ರೋ ಅಸಲಿ ಆಂಬುಲೆನ್ಸು,” ಗಂಡನ ದನಿ ಬಂತು.

ಅವಳಿಗೆ ಹೋದ ಉಸಿರು ಬಂದಂತಾಯಿತು. “ನೋವು ಹೆಂಗದೆ?”

“ಇಳೀತು ಕಣಮ್ಮಿ. ಬಿರಬಿರನೆ ನಡಿ.”

ಅವಳು ನಕ್ಕಳು. ಮೈದುನ ಮಾತ್ರ ತಲೆ ಎತ್ತಲಿಲ್ಲ.

ರಸ್ತೆಯಲ್ಲಿ ಕಾದಿದ್ದ ನರ್ಸ್ ಕಂಬಳಿ ಸರಿಸಿ ನೋಡಿದಳು. “ಜೀವ ಹೋಗಿ ಬಹಳ ಹೊತ್ತಾಗಿದೆಯಮ್ಮ.”

“ಸುಳ್ಳು! ಈಗ್ತಾನೆ ಮಾತಾಡಿದ್ರು!”

ಮಗ ಅವಳತ್ತ ತಿರುಗಿ, ಅಪ್ಪನ ದನಿಯಲ್ಲೇ ಅಂದ: “ಅಳಬ್ಯಾಡ ಕಣಮ್ಮಿ.”