ಅಚ್ಯುತಯ್ಯನವರ ತಿಥಿ

ವಂಶವೃಕ್ಷ ಬರೆಯಲು ಕೂತ ನನಗೆ ಮುತ್ತಜ್ಜನ ಅಪ್ಪ ಅಚ್ಯುತಯ್ಯನವರು ಸತ್ತ ವರ್ಷವೇ ಸಿಗಲಿಲ್ಲ.

“ಕಾಶಿಗೆ ಹೋದೋರು ವಾಪಸ್ ಬರ್ಲೇ ಇಲ್ಲ ಕಣೋ,” ಎಂದರು ಸೋದರತ್ತೆ. “ಹನ್ನೆರಡು ವರ್ಷ ಕಾದು, ದರ್ಭೆ ಗೊಂಬೆ ಸುಟ್ಟು ಕರ್ಮ ಮುಗಿಸಿದ್ರು. ಪುಣ್ಯಾತ್ಮರು, ಗಂಗೇಲೇ ಐಕ್ಯ ಆಗಿರ್ತಾರೆ. ತಗೋ, ಅವರ ತಮ್ಮ ಬರೆದಿಟ್ಟ ಪುಸ್ತಕ. ಗಟ್ಟಿಯಾಗಿ ಓದು, ಕೇಳಿದ್ರೂ ಪುಣ್ಯ.”

ಓದಿದೆ:

“1881. ಅಣ್ಣನ ಮೊದಲ ವರ್ಷದ ತಿಥಿ. ಊಟಕ್ಕೆ ಬಂದ ಗಡ್ಡದ ಯಾತ್ರಿಕನೊಬ್ಬ ವಡೆಯನ್ನು ಮೂರು ಸಲ ಕೇಳಿ ಹಾಕಿಸಿಕೊಂಡ. ಅವನು ಹೊರಟಾಗ, ಬಾಗಿಲ ಮರೆಯಲ್ಲಿದ್ದ ಅತ್ತಿಗೆಯನ್ನು ಮೆಲ್ಲಗೆ ಕೇಳಿದೆ: ‘ಅಣ್ಣನೇ ಅಲ್ಲವೇ?’

‘ಅವರೇ. ಕರೀಬೇಡ. ಹದಿಮೂರು ವರ್ಷದಿಂದ ನಾನೂ ನೆಮ್ಮದಿಯಾಗಿ ಊಟ ಮಾಡ್ತಿದೀನಿ.’”