ಮೂರನೆಯ ಪಿಸ್ಟನ್

ಮೆಕ್ಯಾನಿಕ್ ಮಡೆಪ್ಪ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿದ. ಹುಮನಾಬಾದಿನಲ್ಲಿ ಮೂವತ್ತು ವರ್ಷ ಅವನೇ ಸಾಕಿದ ಅಂಬಾಸಿಡರ್ ಅದು. ಈ ಸಲ ಗಾಡಿಯ ಮಾಲೀಕ ಮಹಾರುದ್ರಪ್ಪ ಸಾಹುಕಾರರು ರಿಪೇರಿಗೆ ಬಸವಕಲ್ಯಾಣದ ಗೋವರ್ಧನನಿಗೆ ಕೊಟ್ಟಿದ್ದರು. ಅವನು ಕಂಪನಿಯ ಪಿಸ್ಟನ್ನಿನ ಜೊತೆ ಹೊರಗಿನ ಮಾಲು ಬೆರೆಸಿದ್ದ. ಈಗ ಒಳಗೆ ಏನೋ ಬಡಿಯುತ್ತಿತ್ತು. ನಾಲ್ಕರಲ್ಲಿ ಯಾವ ಪಿಸ್ಟನ್ ಎಂದು ಹೇಳಿದರೆ ಗಾಡಿ ಮತ್ತೆ ಮಡೆಪ್ಪನ ಕೈಗೆ.

“ಮೂರನೇದರಿ ಸಾವ್ಕಾರ. ಹೊರಗಿನ ಮಾಲ ಹ್ಯಾಂಗ ಬಡಕೊಳ್ಳಾಕತ್ತದ ಕೇಳ್ರಿ. ಕುಂಡ್ರಿಸಿದವನ ಕೈ ಕಡೀಬೇಕು.”

ಸುತ್ತ ನಿಂತವರು ನಕ್ಕರು. ಗೋವರ್ಧನ ಇಂಜಿನ್ ಬಂದ್ ಮಾಡಿ ಕೈ ಒರೆಸಿಕೊಂಡ.

“ಮೂರನೇದೇ ಖರೆ, ಕಾಕಾ. ಹೊರಗಿನವು ಉಳಿದ ಮೂರು. ಅದೊಂದು ಕಂಪನೀದು, ನೀವ ಕುಂಡ್ರಿಸಿದ್ದು. ಹಿರಿಯರ ಕೈಗುಣ ಒಂದಾದ್ರ ಇರ್ಲಿ ಅಂತ ಬಿಟ್ಟಿದ್ದೆ.”

ಸಾಹುಕಾರರು ಮಡೆಪ್ಪನ ಕಡೆ ನೋಡಲೂ ಇಲ್ಲ. “ಅದನ್ನೂ ತಗದ ಒಗಿ, ಗೋವರ್ಧನ,” ಅಂದರು.